ಮಾವನವರ ಕುರ್ಚಿಯ ಕಬ್ಜಾ

ಸತ್ತವರಿಗೆ ಆಸ್ತಿಯ ಮೇಲೆ ಹಕ್ಕಿರುವುದಿಲ್ಲ. ಜಮಖಂಡಿ ಕೋರ್ಟಿನಲ್ಲಿ ವರ್ಷಗಟ್ಟಲೆ ಗುಮಾಸ್ತಿಕೆ ಮಾಡಿದ ನನಗೆ ಇದು ಗೊತ್ತು. ನಮ್ಮ ಮನೆಯ ಬೆತ್ತದ ಕುರ್ಚಿಗೆ ಮಾತ್ರ ಗೊತ್ತಿಲ್ಲ.

ಅದು ನನ್ನ ಮಾವ, ಮುಧೋಳದ ಪೈಲ್ವಾನ್ ಗಿರಿಮಲ್ಲಪ್ಪನವರದು. ಕೊನೆಗಾಲವನ್ನು ಅವರು ಮಗಳ ಮನೆಯಲ್ಲಿ (ಅಂದರೆ ನನ್ನ ತಲೆಯ ಮೇಲೆ) ಕಳೆದರು. ರವಿವಾರ ಮಧ್ಯಾಹ್ನ ಸರ್ಕಾರಿ ಚಾನೆಲ್ಲಿನಲ್ಲಿ ಕುಸ್ತಿ, ಖೋ-ಖೋ, ಮಲ್ಲಕಂಬ ಬರುತ್ತವೆ. ವೀಕ್ಷಕ ವಿವರಣೆ ಕೊಡುವಾತ, "ಪಟುವು ಎದುರಾಳಿಯ ಸಮತೋಲನವನ್ನು ಕದಡಲು ಯತ್ನಿಸುತ್ತಿದ್ದಾರೆ" ಎಂದು ಮೆಲ್ಲಗೆ ಹೇಳಿದರೆ, ಮಾವ ಕುಳಿತಲ್ಲೇ ತೊಡೆ ತಟ್ಟಿ, "ಢಾಕ್ ಹಾಕಲೇ, ಢಾಕ್!" ಎಂದು ಗುಡುಗುತ್ತಿದ್ದರು. ಕುತ್ತಿಗೆಗೆ ಕೈ ಹಾಕಿ ಕೆಡವುವ ಪಟ್ಟು ಅದು. ಅವರ ಬೆನ್ನು ಒಮ್ಮೆಯೂ ನೆಲಕ್ಕೆ ಹತ್ತಿರಲಿಲ್ಲವಂತೆ. ಸತ್ತ ಮೇಲೂ ಹತ್ತಲಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿಯೇ ಹೂಳುತ್ತಾರಲ್ಲ!

ಅಂದಿನಿಂದ ನನ್ನ ಹೆಂಡತಿ ಕಸ್ತೂರೆವ್ವ ರವಿವಾರ ಕುಸ್ತಿ ಹಚ್ಚಿ, ಖಾಲಿ ಕುರ್ಚಿಯ ಪಕ್ಕ ಬಾದಾಮಿ ಹಾಲು ಇಡುತ್ತಾಳೆ. ಸಂಜೆಗೆ ಲೋಟ ಬರಿದಾಗಿರುತ್ತದೆ. ಬೆಕ್ಕು ಕುಡಿದಿರಬೇಕು ಎಂದೆ. ನಮ್ಮ ಓಣಿಯಲ್ಲಿ ಬೆಕ್ಕಿಲ್ಲ.

ಆ ರವಿವಾರ ಕ್ರಿಕೆಟ್ ಫೈನಲ್. ನೆಲದ ಮೇಲೆ ಕೂತೂ ಕೂತೂ ನನ್ನ ಸೊಂಟ ಹಿಡಿದಿತ್ತು. ಎದುರುಮನೆಯ ಸಾವಕ್ಕನಲ್ಲಿಗೆ ಶಾವಿಗೆ ಹೊಸೆಯಲು ಹೊರಟ ಹೆಂಡತಿ ಹೊಸ್ತಿಲಲ್ಲೇ ನಿಂತಳು.

"ಕುರ್ಚಿ ಮ್ಯಾಲ ಕುಂದರಬ್ಯಾಡ್ರಿ. ಅಪ್ಪಾ ಬರೂ ಹೊತ್ತು."

"ಈ ಮನಿ ಯಜಮಾನ ನಾನೋ, ನಿಮ್ಮಪ್ಪನೋ?"

"ಅದನ್ನ ಅಪ್ಪನ್ನss ಕೇಳ್ರಿ."

ಇಂದು ಇದು ಇತ್ಯರ್ಥವಾಗಲೇಬೇಕು ಎಂದುಕೊಂಡೆ. ರಿಮೋಟ್ ಸಿಗಲಿಲ್ಲ. ಟಿವಿ ಕೆಳಗಿನ ಕೇಬಲ್ ಡಬ್ಬಿಯ ಗುಂಡಿ ಒತ್ತಿ ಕ್ರಿಕೆಟ್ ಹಚ್ಚಿ, ಕುರ್ಚಿಯ ಕಬ್ಜಾ ತೆಗೆದುಕೊಂಡೆ.

ಸುಡು ಬ್ಯಾಸಗಿ. ಕಿಟಕಿ ಮುಚ್ಚಿತ್ತು. ಆದರೂ ಕುತ್ತಿಗೆಯ ಹಿಂದೆ, ಹೆಡಕಿನ ಮೇಲೆ ತಣ್ಣಗೆ ಉಸಿರು ಬಿಟ್ಟಂತಾಯಿತು. ಕ್ರಿಕೆಟ್ ಮಾಯವಾಯಿತು. ಪರದೆಯ ಮೇಲೆ ಕೆಂಪು ಮಣ್ಣಿನ ಕುಸ್ತಿ ಕಣ. ಸದ್ದೇ ಇಲ್ಲ. ಕ್ಯಾಮೆರಾ ಜನರತ್ತ ತಿರುಗಿತು. ಮುಂದಿನ ಸಾಲಿನಲ್ಲಿ ಒಂದು ಬೆತ್ತದ ಕುರ್ಚಿ ಖಾಲಿ ಇತ್ತು. ಅಕ್ಕಪಕ್ಕದವರೆಲ್ಲ ನೇರ ನನ್ನನ್ನೇ ನೋಡುತ್ತಿದ್ದರು.

ಕೋಣೆಯಲ್ಲಿ ಅರಿಶಿನ, ಮಜ್ಜಿಗೆ, ಎಣ್ಣೆ ಕಲಸಿದ ಗರಡಿಯ ಮಣ್ಣಿನ ವಾಸನೆ. ಫಟ್ ಎಂದು ಯಾರೋ ತೊಡೆ ತಟ್ಟಿದರು. ಟಿವಿಯಲ್ಲಲ್ಲ, ನನ್ನ ಕಿವಿಯ ಹಿಂದೆ! ಕುತ್ತಿಗೆಯ ಮೇಲೆ ಏನೋ ಭಾರ ಬಿತ್ತು. ಕುರ್ಚಿಯ ಮುಂಗಾಲು ಎದ್ದವು. ನಾನು ಅಂಗಾತ ನೆಲಕ್ಕೆ ಬಿದ್ದೆ.

"ಬೆನ್ನು ನೆಲಕ್ಕೆ ಹತ್ತಿದೆ! ಚಿತ್!" ಎಂದು ಟಿವಿ ಒಮ್ಮೆಲೇ ಕೂಗಿತು. ಚಪ್ಪಾಳೆಯೋ ಚಪ್ಪಾಳೆ.

ಸದ್ದು ಕೇಳಿ ಕಸ್ತೂರೆವ್ವ ಓಡಿಬಂದಳು. ನಾನು ಬಿದ್ದಿದ್ದೆ. ಕುರ್ಚಿ ಮಾತ್ರ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಅದರ ದಿಂಬಿನ ಕೆಳಗೆ ರಿಮೋಟ್ ಇಣುಕುವುದು ಕಂಡು ನನಗೆ ಹೋದ ಜೀವ ಬಂತು.

"ನೋಡಲ್ಲೆ! ಇದರ ಮ್ಯಾಲ ಕುಂತಿದ್ದೆ, ಗುಂಡಿ ಒತ್ತಿ ಚಾನೆಲ್ ಬದಲಾಗೇತಿ. ದೆವ್ವಿಲ್ಲ, ಪೀಡಾ ಇಲ್ಲ!"

ಅವಳು ರಿಮೋಟಿನ ಹಿಂಬದಿ ತೆರೆದು ತೋರಿಸಿದಳು. ಖಾಲಿ.

"ಇದರ ಸೆಲ್ ಮುಂಜಾನೇನ ಗಡಿಯಾರಕ್ಕ ಹಾಕೇನ್ರಿ."

ಗೋಡೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೂ ಯಜಮಾನನಲ್ಲವೇ? "ಮುಂದಿನ ರವಿವಾರ ಮತ್ತ ಕುಂದರತೇನಿ!" ಎಂದು ಗೋಡೆಗೆ ಕೇಳುವಂತೆ ಒದರಿ, ಚಾಪೆಯ ಮೇಲೆ ಬೋರಲು ಮಲಗಿದೆ. "ಸೊಂಟಕ್ಕ ಒಂದೀಟು ಎಣ್ಣಿ ತಿಕ್ಕ."

ಹೆಂಡತಿ ಮಾತಾಡದೆ ತಿಕ್ಕತೊಡಗಿದಳು. ಎಂಥ ಕೈ! ಒಂದೊಂದು ನರವೂ ಸಡಿಲವಾಯಿತು.

"ಆಹಾ, ಛಲೋ ತಿಕ್ಕಾಕತ್ತಿ. ಒಂಚೂರು ಸಾವಕಾಶ."

ಅಡುಗೆಮನೆಯಿಂದ ಕಸ್ತೂರೆವ್ವನ ದನಿ ಬಂತು.

"ತಡೀರಿ, ಎಣ್ಣಿ ಇನ್ನೂ ಬಿಸಿ ಆಗಾಕತ್ತೇತಿ."

ಕೈ ನಿಲ್ಲಲಿಲ್ಲ. ಮೆಲ್ಲಗೆ ಮೇಲೇರಿ ನನ್ನ ಕುತ್ತಿಗೆಯ ಮೇಲೆ ಬಂದು ಕುಳಿತಿತು. ನಾನು ತಿರುಗಿ ನೋಡಲಿಲ್ಲ.

"ಕುರ್ಚಿ ನಿಮ್ಮದss ರೀ, ಮಾವಾರ" ಎಂದೆ.