ಮಾತಾಡುವ ಸರಕು ಹೇರದ ಬೀಗರು

ಸುಣ್ಣದ ಮೂಟೆಗೆ ಕೊಡುವ ಮರ್ಯಾದೆಯಲ್ಲಿ ಕಾಲು ಪಾಲನ್ನು ನಮ್ಮ ಬೀಗರು ಮನುಷ್ಯರಿಗೆ ಕೊಟ್ಟಿದ್ದರೆ ಹಿರಿಯೂರು ಸೀಮೆಯವರು ಅವರಿಗೊಂದು ಗುಡಿ ಕಟ್ಟಿಸುತ್ತಿದ್ದರು. ಕೊಡಲಿಲ್ಲ. ಆದ್ದರಿಂದ ನಾನು ಅವರ ವಿಷಯ ಧಾರಾಳವಾಗಿ ಬರೆಯಬಹುದು!

ಬೀಗರೆಂದರೆ ನನ್ನ ಮಗಳ ಮಾವ. ಅವರದು ಬಾಡಿಗೆ ಗಾಡಿ ಹೊಡೆಯುವ ಕೆಲಸ. ನನ್ನದು ಹೊಳಲ್ಕೆರೆಯಲ್ಲಿ ಎಣ್ಣೆಗಾಣ. ಕೂಲಿಮಠದ ಮರಳಿನ ಮೇಲೆ ನಾಲ್ಕಕ್ಷರ ತಿದ್ದಿ ಗಾಣಕ್ಕೆ ಬಂದವನು ನಾನು. ಅವರು ಮರಳನ್ನೂ ತಿದ್ದದೆ ನೇರವಾಗಿ ಗಾಡಿಗೆ ಹತ್ತಿದವರು. ಇಂಥ ನಮ್ಮಿಬ್ಬರಿಗೂ ಸೇರಿ ಈಗ ಒಬ್ಬಳು ಮೊಮ್ಮಗಳು. ಅಬ್ಬಾ, ಆ ಕೂಸಿನ ವಿಷಯ ಏನು ಹೇಳಲಿ! ಅವಳು ಬೊಚ್ಚುಬಾಯಿ ತೆರೆದು ನಕ್ಕರೆ ನನ್ನ ಗಾಣದ ಎತ್ತು ಕಣ್ಣುಪಟ್ಟಿಯೊಳಗಿಂದಲೇ ನಿಂತು ಕೇಳುತ್ತಿತ್ತು. ಎತ್ತು ನಿಂತರೆ ನನಗೆ ನಷ್ಟ. ಆದರೂ ಇನ್ನೊಮ್ಮೆ ನಗಲಿ ಎಂದು ನಾನೇ ಕೂಸಿನ ಪಾದಕ್ಕೆ ಕಚಗುಳಿ ಇಡುತ್ತಿದ್ದೆ. ಅಷ್ಟು ಸಂತೋಷ!

ಆ ಸಂತೋಷದ ನಡುವೆ ಕುಸುಬೆಯ ಮುಳ್ಳಿನಂತೆ ಒಂದು ಚಿಂತೆ ಚುಚ್ಚುತ್ತಿತ್ತು. ಐದನೆಯ ತಿಂಗಳಿಗೆ ತಾಯಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಬೇಕು. ಕರೆದೊಯ್ಯಲು ಆ ಮನೆಯ ಗಾಡಿ ಬರಬೇಕು, ಅದು ಪದ್ಧತಿ. ಗಾಡಿಯೇನೋ ಬರುತ್ತದೆ, ಆದರೆ ಅದರಲ್ಲಿ ನನ್ನ ಮಗಳು ಕೂರುತ್ತಾಳೋ, ಅದರ ಹಿಂದೆ ನಡೆಯುತ್ತಾಳೋ? ಬಾಣಂತನ ಮಗಳದು, ಸಂಕಟ ನನ್ನದು!

ಇದೇನಪ್ಪಾ, ಗಾಡಿ ಬಂದಮೇಲೆ ನಡೆಯುವುದು ಏಕೆ ಎನ್ನುತ್ತೀರಾ? ನೀವು ನಮ್ಮ ಬೀಗರನ್ನು ಕಂಡಿಲ್ಲ. ಅವರ ಗಾಡಿಗೆ ಮನುಷ್ಯರು ಹತ್ತುವಂತಿಲ್ಲ. ಅವರದು ಒಂದೇ ಮಾತು:

"ಮಾತಾಡೋ ಸರಕು ನಾನು ಹೇರಲ್ಲ."

ಕಾರಣ ಕೇಳಿದರೆ ಪುರಾಣ ಬಿಚ್ಚುತ್ತಿದ್ದರು. "ಸುಣ್ಣದ ಮೂಟೆ ಐತಲ್ಲ ಬೀಗ್ರೇ, ಅದರಂಥ ಸಂಭಾವಿತರು ಲೋಕದಾಗೆ ಇಲ್ಲ. ಇನ್ನೂ ಎಷ್ಟು ದೂರ ಅಂತ ಕೇಳಲ್ಲ. ನೀರಿಗೆ ನಿಲ್ಸು ಅನ್ನಲ್ಲ. ನಿಮ್ಮೆತ್ತು ಯಾಕೆ ಬಡಕಲಾಗೈತೆ ಅಂತ ಅಂಬಲ್ಲ. ಹಾಕಿದ ಜಾಗದಾಗೆ ಕುಂತಿರ್ತೈತೆ. ಮನುಷಾ ಹಂಗೆ ಕುಂತಾನಾ?"

ಒಮ್ಮೆ ದಾರಿಯಲ್ಲಿ ಒಬ್ಬ ಶೇಕದಾರರು ಕೈ ಅಡ್ಡ ಹಿಡಿದರಂತೆ. ರುಮಾಲು, ಕೋಟು, ಕೊಡೆ ಎಲ್ಲ ಇದ್ದ ಅಧಿಕಾರಿ. ಬೇರೆ ಗಾಡಿಯವರಾಗಿದ್ದರೆ ಹಾರಿ ಇಳಿದು ಕೈಮುಗಿಯುತ್ತಿದ್ದರು. ನಮ್ಮ ಬೀಗರು ಅವರನ್ನು ಮೇಲಿಂದ ಕೆಳಗೆ ನೋಡಿ, "ಬರ್ರಿ ಸ್ವಾಮಿ, ಅಡ್ಡಿಯಿಲ್ಲ. ಒಂದು ಖಾಲಿ ಗೋಣಿ ಐತೆ. ಒಳಗೆ ಕುಂತ್ಕಳ್ರಿ, ಬಾಯಿ ಹೊಲೀತೀನಿ" ಎಂದರಂತೆ! ಯಾವುದರ ಬಾಯಿ, ಗೋಣಿಯದೋ ತಮ್ಮದೋ ಎಂದು ಶೇಕದಾರರು ಯೋಚಿಸುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು.

ಇಂಥವರ ಮನೆಗೆ ಹೆಣ್ಣು ಕೊಡುವಾಗ ನಿನ್ನ ಬುದ್ಧಿ ಯಾವ ಗಾಣದಲ್ಲಿ ಸಿಕ್ಕಿಕೊಂಡಿತ್ತು ಎಂದು ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಆಗ ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿತ್ತು. ಸುಣ್ಣ, ಇಟ್ಟಿಗೆಪುಡಿ, ಕಬ್ಬಿಣ ಎಂದು ಹಗಲೆಲ್ಲ ಗಾಡಿಗಳ ಸಾಲು. ಗಾಡಿ ಕೆಲಸವೆಂದರೆ ಬಂಗಾರ ಎಂದು ಎಲ್ಲರೂ ಹೇಳುತ್ತಿದ್ದರು. ಸಂಬಂಧ ಕೇಳಲು ಬಂದ ಬೀಗರನ್ನು ನಾನು, "ನಿಮ್ಮ ಕೆಲಸದಲ್ಲಿ ಮುಂದೆ ಏನಿದೆ?" ಎಂದು ವಿಚಾರಿಸಿದೆ.

"ಮುಂದೆ ಗಾಡಿ ಅವೆ" ಎಂದರು ಬೀಗರು.

ತಮಾಷೆಯಲ್ಲ, ಅದೇ ಸತ್ಯ. ಸಾಲಿನಲ್ಲಿ ಮೊದಲನೆಯದು ಮುಂಗಾಡಿ. ಅದರ ಎತ್ತುಗಳಿಗೆ ಹಿತ್ತಾಳೆ ಗಂಟೆಸರ. ಬಾವಿಯಲ್ಲಿ ಮೊದಲ ನೀರು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಮುಂಗಾಡಿಯವನದೇ ಅಪ್ಪಣೆ. ಹೊಸದಾಗಿ ಸೇರಿದವನು ಕಟ್ಟಕಡೆಗೆ, ಹಿಂಗಾಡಿಗೆ. ಅವನಿಗೆ ಮುಂದಿನವರೆಲ್ಲ ಎಬ್ಬಿಸಿದ ಧೂಳೇ ಊಟ. ಮುಂದಿನವನೊಬ್ಬ ಕೆಲಸ ಬಿಟ್ಟರೆ, ಇಲ್ಲವೆ ಲೋಕವನ್ನೇ ಬಿಟ್ಟರೆ, ಹಿಂದಿನವರೆಲ್ಲ ಅಯ್ಯೋ ಪಾಪ ಎಂದು ಒಂದೊಂದು ಗಾಡಿ ಮುಂದಕ್ಕೆ ಸರಿಯಬೇಕು. ಮುಂದಿನವನಿಗೆ ಕೆಮ್ಮು ಹತ್ತಿದರೆ ಹಿಂದಿನವನ ಮನೆಯಲ್ಲಿ ಪಾಯಸ! ನಮ್ಮ ಬೀಗರ ದುರದೃಷ್ಟ ನೋಡಿ: ಅವರು ಸೇರಿದ ಮೇಲೆ ಆ ಸಾಲಿಗೆ ಹೊಸಬರು ಯಾರೂ ಬರಲೇ ಇಲ್ಲ. ಸಾಲು ಮುಂದಿನಿಂದ ಸವೆಯಿತೇ ಹೊರತು ಹಿಂದಿನಿಂದ ಬೆಳೆಯಲಿಲ್ಲ. ಆದ್ದರಿಂದ ಅವರು ಎಷ್ಟು ಮುಂದೆ ಬಂದರೂ ಹಿಂಗಾಡಿಯೇ!

ಹಿಂಗಾಡಿಯವನಿಗೆ ಇನ್ನೊಂದು ಕೆಲಸವಿತ್ತು. ಮುಂಗಾಡಿಯವನು ಆಗಾಗ "ಹಿಂಗಾಡೀ...!" ಎಂದು ಕೂಗುತ್ತಾನೆ. ಕಡೆಯವನು "ಐತೇ...!" ಎಂದು ಓಗೊಡಬೇಕು. ಓಗೊಟ್ಟರೆ ಎಲ್ಲರೂ ಬರುತ್ತಿದ್ದಾರೆ ಎಂದರ್ಥ. ಕೊಡದಿದ್ದರೆ ಸಾಲಿಗೆ ಸಾಲೇ ನಿಲ್ಲಬೇಕು. ಮುಂದಿನವನು ಮತ್ತೆ ಕೂಗಬೇಕು, ಮತ್ತೆ ಕೂಗಬೇಕು, ಉತ್ತರ ಬರುವವರೆಗೆ ಒಂದು ಚಕ್ರವೂ ಉರುಳುವಂತಿಲ್ಲ. ಜೀವಮಾನವೆಲ್ಲ ಧೂಳು ನುಂಗಿ "ಐತೇ" ಎಂದು ಕೂಗಿ ಕೂಗಿ ಬೀಗರ ಗಂಟಲು ಒಡಕು ತಮಟೆಯಂತಾಗಿತ್ತು. ಮದುವೆಯ ದಿನ ಅಯ್ಯನವರು, "ಗಂಡಿನ ಕಡೆಯವರು ಎಲ್ಲ ಬಂದರಾ?" ಎಂದು ಕೇಳಿದ್ದೇ ತಡ, ಮೂಲೆಯಲ್ಲಿ ತೂಕಡಿಸುತ್ತಿದ್ದ ನಮ್ಮ ಬೀಗರು, "ಹಿಂಗಾಡಿ ಐತೇ...!" ಎಂದು ಕಿರುಚಿದರು. ಅಯ್ಯನವರ ಕೈಯ ಅಕ್ಕಿಕಾಳು ಮುಹೂರ್ತಕ್ಕೆ ಮೊದಲೇ ಬಿದ್ದುಹೋದವು!

ಅದಕ್ಕೆ ನಕ್ಕೆವು. ಮರುದಿನದ್ದಕ್ಕೆ ಮಾತ್ರ ಯಾರೂ ನಗಲಿಲ್ಲ. ಹೆಣ್ಣು ಒಪ್ಪಿಸಿ ಹೊರಬಂದು ನೋಡುತ್ತೇನೆ, ಬೀಗರ ಗಾಡಿಯ ತುಂಬ ಹಿಂಡಿ! ನನ್ನ ಗಾಣದ್ದೇ ಹಿಂಡಿ! ಹಿರಿಯೂರಿನ ಯಾರೋ ದನದವರಿಗಂತೆ. ಮುಂದೆ ನಿಂತಿದ್ದ ಅವರ ಸಾಲಿನವನ ಗಾಡಿಯಲ್ಲೂ ಅದೇ!

"ಏನ್ರೀ ಇದು?" ಎಂದೆ.

"ಖಾಲಿ ಗಾಡಿ ವಾಪಸ್ ಹೋಗಬಾರದು ಬೀಗ್ರೇ. ಅದು ನಮ್ಮ ಕಸುಬಿನ ಧರ್ಮ."

"ಖಾಲಿ ಯಾಕೆ? ನನ್ನ ಮಗಳಿಲ್ಲವಾ?"

"ಮಾತಾಡೋ ಸರಕು..." ಎಂದು ಶುರುಮಾಡಿದರು.

ಹಿಂಡಿಗೆ ಗಾಡಿ, ಹೆಣ್ಣಿಗೆ ಕಾಲು! ಅರಿಸಿನ ಆರದ ಪಾದದಲ್ಲಿ ನನ್ನ ಮಗಳು ನನ್ನದೇ ಹಿಂಡಿಯ ಹಿಂದೆ ನಡೆದಳು. ಚಿತ್ರದುರ್ಗದ ದಾರಿಯಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಗಾಡಿಗೆ ಹತ್ತಿಸಿಕೊಂಡರಂತೆ. ಆದರೆ ನಮ್ಮ ಬೀದಿಯವರು ಕಂಡದ್ದು ನಡೆದದ್ದನ್ನು! ಅಂದಿನಿಂದ ಎಣ್ಣೆಗೆ ಬಂದವರೆಲ್ಲ, "ಮಗಳು ನಡ್ಕಂಡೇ ಹೋದಳಂತಲ್ಲ?" ಎಂದು ಕೇಳಿಯೇ ಗಿಂಡಿ ಚಾಚುತ್ತಿದ್ದರು. ಆ ಮಾತನ್ನು ನಾನು ಜೀರ್ಣಿಸಿಕೊಂಡಿಲ್ಲ.

ಕಡೆಗೂ ಬೀಗರಿಗೆ ಕಾಲ ಕೂಡಿಬಂತು. ಸಾಲಿನಲ್ಲಿ ಅವರ ಮುಂದೆ ಉಳಿದವನು ಮುಂಗಾಡಿಯ ಮುದುಕನೊಬ್ಬನೇ. ನಡುವಿನವರೆಲ್ಲ ಬೇರೆ ಸಾಲು ಸೇರಿದ್ದರು. ಆ ಮುದುಕ ಹಾಸಿಗೆ ಹಿಡಿದ. ಬೀಗರು ದಿನವೂ ಅವನಿಗೆ ಗಂಜಿ ಒಯ್ದರು. "ನಾನು ಸಾಯ್ಲಿ ಅಂತ ನೋಡಾಕೆ ಬತ್ತೀಯೇನಲೇ?" ಎಂದು ಮುದುಕ ಕೇಳಿದರೆ, "ಇಲ್ಲಣ್ಣ, ಗೆಲುವಾಗ್ಲಿ ಅಂತ. ಗೆಲುವಾಗಿ ಎದ್ದು ಧರ್ಮಪುರಕ್ಕೆ, ನಿನ್ನ ಮಗನ ಮನೆಗೆ ಹೋಗ್ಲಿ ಅಂತ!" ಎಂದರಂತೆ. ಮುದುಕ ಎದ್ದು ಧರ್ಮಪುರಕ್ಕೇ ಹೋದ. ಗಂಟೆಸರ ಬೀಗರ ಕೈಗೆ ಬಂತು. ಚದುರಿದ್ದ ನಾಲ್ಕಾರು ಗಾಡಿಯವರು ಸೇರಿಕೊಂಡು ಸಾಲೂ ಆಯಿತು.

ಮಗಳ ಮಾವ ಮುಂಗಾಡಿಯಾಗುವುದನ್ನು ನೋಡಲು ನಾನು ಹೋಳಿಗೆ ಕಟ್ಟಿಸಿಕೊಂಡು ಹಿರಿಯೂರಿಗೆ ಹೋದೆ. ಯಾರದೋ ಗಾಡಿಯಲ್ಲಿ, ಬೇರೆ ಹೇಳಬೇಕೆ! ಮುಂಜಾನೆ ಎತ್ತಿನ ಹಣೆಗೆ ಕುಂಕುಮ, ನೊಗಕ್ಕೆ ಹೂವು. ತೆಂಗಿನಕಾಯಿ ಒಡೆಯಿತು. ಬೀಗರು ಎದೆ ಉಬ್ಬಿಸಿ "ಹೈ" ಎಂದರು.

ಎತ್ತು ಕದಲಲಿಲ್ಲ.

ಬಾಲ ತಿರುವಿದರು, ಬೈದರು, ಬೇಡಿಕೊಂಡರು. ಊಹೂಂ! ಎರಡೂ ಎತ್ತು ಖಾಲಿ ದಾರಿಯನ್ನು ದಿಟ್ಟಿಸಿ ನಿಂತಿದ್ದವು. ಪಾಪ, ಅವುಗಳ ತಪ್ಪೇನು? ಹುಟ್ಟಿ ನೊಗ ಹೊತ್ತ ದಿನದಿಂದ ಅವು ಕಂಡದ್ದು ಮುಂದಿನ ಗಾಡಿಯ ಹಿಂಭಾಗ. ಅದೊಂದನ್ನು ಹಿಂಬಾಲಿಸುವುದೇ ನಡೆಯುವುದು ಎಂದು ತಿಳಿದಿದ್ದವು. ಈಗ ಮುಂದೆ ಏನೂ ಇಲ್ಲ. ದಾರಿಯೇ ಇಲ್ಲವೆಂದು ನಿಂತುಬಿಟ್ಟವು!

ಹಿಂದಿನಿಂದ ಗಾಡಿಯವರ ಕೂಗು: "ಏನಣ್ಣೋ, ಎತ್ತಿಗೆ ಮುಹೂರ್ತ ಕೂಡಿಬಂದಿಲ್ಲೇನು?" "ಲೇ, ಅವಕ್ಕೆ ಧೂಳು ಬೇಕಂತೆ, ಒಂದು ಬೊಗಸೆ ಮುಂದೆ ತೂರ್ರೋ!"

ಬೀಗರು ಗಾಡಿಯಿಂದ ಇಳಿದರು. ಎತ್ತುಗಳ ಮುಂದೆ ಬಂದು ಬೆನ್ನು ಹಾಕಿ ನಿಂತು, ನಾಲ್ಕು ಹೆಜ್ಜೆ ನಡೆದರು. ಗಂಟೆಸರ ಘಲ್ಲೆಂದಿತು. ಎತ್ತುಗಳು ಅವರ ಬೆನ್ನನ್ನು ನೋಡುತ್ತಾ ಹೊರಟವು. ಅಂದಿನಿಂದ ಅಣೆ ಮುಗಿಯುವವರೆಗೂ ಅದೇ ಕಥೆ: ಹಿಂದಿನವರೆಲ್ಲ ಗಾಡಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರೆ, ಮುಂಗಾಡಿಯವರು ಬಿಸಿಲಲ್ಲಿ ಕಾಲುನಡಿಗೆ! ಕಸುಬಿನಲ್ಲಿ ಮುಂದೆ ಬರುವುದೆಂದರೆ ಇದೇ. ನಮ್ಮ ಬೀಗರಷ್ಟು ಮುಂದೆ ಬಂದವರು ಯಾರಿದ್ದಾರೆ? ತಮ್ಮ ಎತ್ತಿಗಿಂತಲೂ ಮುಂದೆ!

ನಾನು ನಕ್ಕೆ. ಹಿಂಡಿಯ ಸೇಡು ತೀರಿತೆಂದು ಹೊಟ್ಟೆ ತುಂಬ ನಕ್ಕೆ. ಅವರೂ ಬಿಡುವವರಲ್ಲ. "ನಗ್ರಿ ಬೀಗ್ರೇ. ನನ್ನೆತ್ತು ನಾನಿಲ್ದೆ ಹೋಗಲ್ಲ. ನಿಮ್ಮೆತ್ತು ದಿನಾ ನಡೆದ್ರೂ ಹೊಳಲ್ಕೆರೆ ದಾಟಿಲ್ಲ!" ಎಂದರು.

ಅಣೆ ಮುಗಿಯಿತು. ಕಣಿವೆ ತುಂಬ ನೀರು ನಿಂತಿತು. ನೀರಿನ ಜೊತೆ ಗಾಡಿಗಳೂ ನಿಂತವು. ದೊಡ್ಡ ದೊಡ್ಡವರು ಬಂದು ನೋಡಿ ಹೋಗುತ್ತಾರೆ. ಸುಣ್ಣ ಹೊತ್ತ ಎತ್ತುಗಳ ಹೆಸರು ಯಾರೂ ಕೇಳಲಿಲ್ಲ; ಎತ್ತಿನ ಹೆಸರೇ ಕೇಳದವರು ಗಾಡಿಯವನ ಹೆಸರು ಕೇಳುತ್ತಾರೆಯೇ? ಮುಂಗಾಡಿ ಎನ್ನಲು ಸಾಲೇ ಉಳಿಯಲಿಲ್ಲ. ಬೀಗರಿಗೆ ದಕ್ಕಿದ್ದು ಸುಣ್ಣ ಸುಟ್ಟ ಅಂಗೈ, ಆ ಒಡಕು ಗಂಟಲು, ಹಿಂಬಾಲಿಸುವುದಷ್ಟೇ ಬರುವ ಎರಡು ಎತ್ತು.

ಇವೆಲ್ಲ ಆದಮೇಲೆ ಕೂಸು ಹುಟ್ಟಿತು, ಐದು ತಿಂಗಳು ತುಂಬಿತು, ಕಳಿಸುವ ದಿನ ಬಂತು. ಬೀದಿಯವರೆಲ್ಲ ಕೆಲಸ ಬಿಟ್ಟು ಜಗುಲಿಯ ಮೇಲೆ! ಏನು ನೋಡಲು ಎಂದು ನನಗೆ ಗೊತ್ತಿರಲಿಲ್ಲವೇ? ಬೀದಿಯ ತುದಿಯಲ್ಲಿ ಮೊದಲು ಬೀಗರು ಕಂಡರು, ನಡೆದು ಬರುತ್ತಿದ್ದರು. ಹಿಂದೆ ಎತ್ತು. ಎತ್ತಿನ ಹಿಂದೆ ಗಾಡಿ. ಗಾಡಿಯ ತುಂಬ ಮೂಟೆ!

ನನ್ನೆದೆ ಹಿಂಡಿಯಾಯಿತು. ನನ್ನ ಹೆಂಡತಿ ಸೆರಗು ಬಿಗಿದು ಬೀದಿಗಿಳಿದಳು. "ಏನ್ ಬೀಗ್ರೇ, ಈ ಸಲ ಯಾವ ಸಂಭಾವಿತರನ್ನ ಹೇರ್ಕಂಡು ಬಂದೀರಿ? ನನ್ನ ಮಗಳು ಕೂಸು ಎತ್ಕಂಡು ನಡೀಬೇಕೇನು?"

"ಮುಟ್ಟಿ ನೋಡ್ರಿ ತಾಯೀ" ಎಂದರು ಬೀಗರು.

ಮುಟ್ಟಿದಳು. ಹುಲ್ಲು! ಗೋಣಿಗಳಲ್ಲಿ ಹದವಾಗಿ ತುಂಬಿ ಹೊಲಿದ ಮೆತ್ತನೆಯ ಹುಲ್ಲು. ಅವುಗಳ ನಡುವೆ ತೊಟ್ಟಿಲಿನಂತೆ ಒಂದು ಜಾಗ. ಅಲ್ಲಿ ಕೊರಳ ತನಕ ನೀರು ತುಂಬಿದ ಒಂದು ತಂಬಿಗೆ.

"ಇದು ಯಾತಕ್ಕೆ?" ಎಂದೆ.

"ಹಿರಿಯೂರಾಗೆ ತುಂಬಿದ್ದು. ಎಲ್ಲಿ ತುಳುಕ್ತೈತೆ ನೋಡಾಣ ಅಂತ. ಹೊಸದುರ್ಗದ ದಾರಿಯಾಗೆ ಬಂದ್ರೆ ತುಳುಕ್ತೈತೆ. ಚಿತ್ರದುರ್ಗದ ದಾರಿ ಮೇಲು, ಸುತ್ತು ಆದ್ರೂ. ಅದ್ರಾಗೇ ಬಂದೆ, ಅದ್ರಾಗೇ ಹೋಗಾಣ."

ನನ್ನ ಹೆಂಡತಿ ಬಿಗಿದ ಸೆರಗನ್ನು ಸಡಿಲಿಸಿದಳು. ಅದು ಅಪರೂಪದ ಸಂಗತಿ! ಮಗಳು ಹತ್ತಿ ಹುಲ್ಲಿನ ನಡುವೆ ಕುಳಿತಳು. ನಾನು ಬೀದಿಯವರ ಕಡೆಗೆ ಒಮ್ಮೆ ತಿರುಗಿ ನೋಡಿದೆ. ಚೆನ್ನಾಗಿ, ನಿಧಾನವಾಗಿ ನೋಡಿದೆ. ಆಮೇಲೆ ಕೂಸನ್ನು ಅವಳ ಮಡಿಲಿಗಿಡಲು ಹೋದೆ. ಬೀಗರು ಕೈ ಅಡ್ಡ ಹಿಡಿದರು. ನೀರು ತುಳುಕದ ಗಾಡಿ ತಂದವರಿಗೆ ಗಾಡಿಯ ಮೇಲೆ ಇನ್ನೂ ನಂಬಿಕೆಯಿಲ್ಲ! ಸುಣ್ಣ ಸುಟ್ಟ ಆ ಅಂಗೈಗಳನ್ನು ಪಂಚೆಗೆ ಎರಡು ಸಲ ಒರೆಸಿ ಕೂಸನ್ನು ತಾವೇ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡರು.

"ಮಾತಾಡೋ ಸರಕು ಹೇರಲ್ಲ ಅಂತಿದ್ರಲ್ಲ?" ಎಂದು ಕೆಣಕಿದೆ.

"ಹೇರಿಲ್ಲ ಬೀಗ್ರೇ. ಎತ್ಕಂಡೀನಿ" ಎಂದವರೇ ಎತ್ತುಗಳ ಮುಂದೆ ಹೋಗಿ ನಡೆಯತೊಡಗಿದರು.

ಅಜ್ಜನ ಬೆನ್ನಿನ ಕಡೆಗೆ ಮುಖ ಮಾಡಿ, ಹೆಗಲ ಮೇಲೆ ಗಲ್ಲವೂರಿ, ಕೂಸು ಎತ್ತುಗಳನ್ನು ನೋಡಿ ನಗುತ್ತಿತ್ತು. ಎತ್ತುಗಳು ಕಣ್ಣು ಕೀಳದೆ ಅದನ್ನೇ ನೋಡುತ್ತಾ ಹಿಂಬಾಲಿಸಿದವು. ನಾನು ಗಾಡಿಯ ಹಿಂದೆ, ಧೂಳಿನಲ್ಲಿ, ಊರ ಗಡಿಯ ಬೇವಿನ ಮರದವರೆಗೂ ಹೋದೆ. ಅಲ್ಲಿಂದ ಮುಂದೆ ಹೆಣ್ಣಿನ ತಂದೆ ಹೋಗುವ ಹಾಗಿಲ್ಲ.

ಆಗ ಮುಂದಿನಿಂದ ಆ ಒಡಕು ಗಂಟಲು ಕೂಗಿತು, ಕೂಸು ಬೆಚ್ಚದಂತೆ ಮೆಲ್ಲಗೆ:

"ಹಿಂಗಾಡೀ...!"

ಹಿಂದೆ ಗಾಡಿಯೇ ಇರಲಿಲ್ಲ. ಇದ್ದವನು ನಾನೊಬ್ಬನೇ. ಬೀಗರು ನಿಂತರು, ಎತ್ತು ನಿಂತವು, ಗಂಟೆಸರ ನಿಂತಿತು. ಓಗೊಡುವವರೆಗೆ ಸಾಲು ಹೊರಡುವಂತಿಲ್ಲ.

ನಾನು ಬಾಯಿ ತೆರೆದವನು ಮುಚ್ಚಿಕೊಂಡೆ. ಮಗಳೂ ಕೂಸೂ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಲಿ ಎಂದು ಸುಮ್ಮನೆ ನಿಂತೆ.

ಕಸುಬಿನ ಧರ್ಮ ಒಂದಿಷ್ಟೂ ಬಿಡದ ಮನುಷ್ಯ, ಮತ್ತೆ ಕೂಗಬೇಕಿತ್ತು. ಕೂಗಲಿಲ್ಲ.