ಇನ್ನೂ ಬರಾಕತ್ತೈತಿ

ಕೆಲವರ ಪಕ್ಕದ ಮೇಜಿನಲ್ಲಿ ಕೂತರೆ ಸಾಕು, ನಗುವಂಥ ಸಂಗತಿಗಳು ನಮ್ಮನ್ನೇ ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದಲ್ಲಿ ನಾನು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪಕ್ಕದ ಮೇಜು ನಮ್ಮ ಹೆಡ್ ಕ್ಲರ್ಕ್ ಅವರದು. ಬೀದರ್ ಕಡೆಯವರು. ಕಡತದಲ್ಲಿ ಒಂದು ಸೊನ್ನೆ ತಪ್ಪಿದರೂ ಹಿಡಿದುಬಿಡುವ ಮನುಷ್ಯ. ಆದರೆ ಭಾನುವಾರ ಮಲಕಪೇಟೆಯ ರೇಸ್ ಕೋರ್ಸಿನ ಗೇಟು ದಾಟಿದರೆಂದರೆ ಕಣ್ಣೆದುರಿನ ಸೋಲೂ ಅವರಿಗೆ ಕಾಣುತ್ತಿರಲಿಲ್ಲ. ಕುದುರೆಗಳ ಮೇಲೆ ಕಟ್ಟುತ್ತಿದ್ದುದು ಚಿಲ್ಲರೆ ಕಾಸು. ನಂಬಿಕೆ ಮಾತ್ರ ಚಿಲ್ಲರೆಯದಲ್ಲ. ಅಂಥ ಮನಸ್ಸನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಹರಿಯದ ಟಿಕೆಟ್ಟು

ಮೊದಲ ಸಲ ನನ್ನನ್ನು ರೇಸಿಗೆ ಕರೆದುಕೊಂಡು ಹೋದದ್ದು ಅವರೇ. ಓಟ ಮುಗಿಯುತ್ತಿದ್ದಂತೆ ಸುತ್ತಲಿನವರೆಲ್ಲ ಟಿಕೆಟ್ಟು ಹರಿದು ನೆಲಕ್ಕೆ ಬಿಸಾಕಿದರು. ನಾನೂ ಹರಿಯಲು ಹೊರಟೆ. ಹೆಡ್ ಕ್ಲರ್ಕ್ ನನ್ನ ಕೈ ಹಿಡಿದರು. ನಮ್ಮ ಕುದುರೆ ಆಗಿನ್ನೂ ದೂರದ ತಿರುವಿನಲ್ಲಿತ್ತು. ಗೆದ್ದ ಕುದುರೆಯ ಬೆವರು ಒರೆಸುವುದೂ ಶುರುವಾಗಿತ್ತು.

"ಹರೀಬ್ಯಾಡ ತಮ್ಮಾ," ಅಂದರು. "ಇನ್ನೂ ಬರಾಕತ್ತೈತಿ."

ಓಟ ಮುಗಿಯಿತಲ್ಲ ಸರ್ ಅಂದೆ. ಮುಗಿದದ್ದು ಉಳಿದ ಕುದುರೆಗಳ ಓಟ, ನಮ್ಮದರ ಓಟ ನಡೆದೇ ಇದೆ ಅಂದರು. ತಮ್ಮ ಟಿಕೆಟ್ಟನ್ನು ಮಡಚಿ ಟಿಫಿನ್ ಡಬ್ಬಿಯ ಮೇಲಿನ ಖಾನೆಯಲ್ಲಿಟ್ಟರು. ಮರುದಿನ ಮಧ್ಯಾಹ್ನ ಆ ಡಬ್ಬಿ ತೆಗೆದಾಗ ಅದರೊಳಗೆ ಹಳೆಯ ಟಿಕೆಟ್ಟುಗಳೇ ಒಂದು ಕಂತೆ ಇದ್ದವು. ನಾನು ಬೆರಗಾಗಿ ನೋಡುತ್ತ ಕೂತೆ. ಅವರು ಆ ಕಂತೆಯನ್ನು ಹುಷಾರಾಗಿ ಬದಿಗಿಟ್ಟು, ಇಷ್ಟು ಕುದುರೆಗಳು ಒಟ್ಟಿಗೆ ಬಂದುಬಿಟ್ಟರೆ ಕಟ್ಟಲಿಕ್ಕೆ ಜಾಗ ಎಲ್ಲಿ ಅಂತ ನನ್ನನ್ನೇ ಕೇಳಿದರು.

ವೈನಿಯ ಕರಾರು

ಅವರ ಹೆಂಡತಿಯನ್ನು ನಾನು ವೈನಿ ಅಂತ ಕರೆಯುತ್ತಿದ್ದೆ. ರೊಕ್ಕದ ವಿಷಯಕ್ಕೆ ವೈನಿ ಯಾವತ್ತೂ ಜಗಳ ತೆಗೆದವರಲ್ಲ. ಅವರಿಗೆ ಬೇಕಾಗಿದ್ದುದು ಒಂದು ಭಾನುವಾರ. ಜನವರಿಯಲ್ಲಿ ನುಮಾಯಿಷ್ ಅನ್ನುವ ದೊಡ್ಡ ವಸ್ತುಪ್ರದರ್ಶನ ಶುರುವಾದರೆ ಅದರ ದೊಡ್ಡ ಚಕ್ರ ನಮ್ಮ ಕಚೇರಿಯ ಕಿಟಕಿಯಿಂದಲೇ ಕಾಣುತ್ತಿತ್ತು. ಇಡೀ ಊರು ಹೋಗಿ ಬಳೆ, ಶಾಲು ಕೊಂಡು ಬರುತ್ತಿತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ವೈನಿ ಮಾತ್ರ ಗಂಡನ ಜೊತೆ ಒಮ್ಮೆಯೂ ಹೋಗಿರಲಿಲ್ಲ. ವಾರವೆಲ್ಲ ಕಚೇರಿ, ಭಾನುವಾರ ರೇಸು, ರೇಸು ಮುಗಿದ ಮೇಲೆ ಇರಾನಿ ಹೋಟೆಲಿನಲ್ಲಿ ಕೂತು ಸೋತ ಕುದುರೆಗಳ ಗುಣಗಾನ.

ಕಡೆಗೆ ವೈನಿ ಒಂದು ಕರಾರು ಹಾಕಿದರು. "ರೇಸು ಬಿಡ್ರಿ ಅನ್ನೂದಿಲ್ಲ ನಾ. ನಿಮ್ಮ ಬಾಯಿಂದ 'ಸೋತೆ' ಅಂತ ಒಂದು ಮಾತು ಬಂದ ದಿವಸ, ಅವತ್ತಿಂದ ಭಾನುವಾರ ನಂದು."

ಹೆಡ್ ಕ್ಲರ್ಕ್ ಕೂಡಲೇ ಒಪ್ಪಿ ದೇವರ ಮುಂದೆ ಆಣೆಯಿಟ್ಟು ಮಾತು ಕೊಟ್ಟರು. ಹೆಂಡತಿಗೆ ರೇಸಿನ ಗಂಧಗಾಳಿಯೂ ಇಲ್ಲ, ಆಗದ ಕರಾರು ಮಾಡಿಕೊಂಡಳು ಪಾಪ ಅಂತ ನನ್ನ ಹತ್ತಿರ ಮರುಗಿದರು.

ಜಾಕಿ ಇಲ್ಲದ ಗೆಲುವು

ಒಂದು ಭಾನುವಾರ ಅವರ ಕುದುರೆ ಓಟ ಶುರುವಾಗುವ ಗೇಟಿನಲ್ಲೇ ಜಾಕಿಯನ್ನು ಕೆಳಗೆ ಕೆಡವಿ, ಬೆನ್ನು ಖಾಲಿ ಮಾಡಿಕೊಂಡು ಓಡಿ ಎಲ್ಲಕ್ಕಿಂತ ಮುಂದೆ ಬಂತು. ಜಾಕಿ ಇಲ್ಲದ ಕುದುರೆಯ ಓಟ ಲೆಕ್ಕಕ್ಕಿಲ್ಲ. ಈ ಸಲ ಆ ಮಾತು ಬಾಯಿಂದ ಬಂದೇ ಬರುತ್ತದೆ ಅಂತ ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ಚಪ್ಪಾಳೆ ತಟ್ಟುತ್ತಿದ್ದರು.

"ನಾ ಕಟ್ಟಿದ್ದು ಕುದುರಿ ಮ್ಯಾಲ. ಜಾಕಿ ಮ್ಯಾಲ ಅಲ್ಲ. ನಂದು ಬಂತಿಲ್ಲೋ?"

ಅಷ್ಟೇ ಅಲ್ಲ, ಪಾಪ ಬಿದ್ದವನಿಗೆ ನೋವಾಗಿದೆಯೇನೋ ಅಂತ ಹೋಗಿ ವಿಚಾರಿಸಿದರು. ಅವನಿಗೆ ಏನೂ ಆಗಿರಲಿಲ್ಲ. ನಮ್ಮ ಕುದುರೆ ಬೀಳಿಸುವುದನ್ನೂ ಎಷ್ಟು ನಾಜೂಕಾಗಿ ಮಾಡುತ್ತದೆ ಅಂತ ವಾರವೆಲ್ಲ ಕಚೇರಿಯಲ್ಲಿ ಹೊಗಳಿದರು.

ಜಿಲೇಬಿ

ಇನ್ನೊಂದು ಸಲ ಕುದುರೆ ಗೇಟಿನೊಳಗೆ ಕಾಲಿಡಲೇ ಒಲ್ಲೆ ಅಂತು. ಎಳೆದರು, ನೂಕಿದರು, ಬೆನ್ನು ಸವರಿ ಮಾತಾಡಿಸಿದರು. ಜಪ್ಪಯ್ಯ ಅಂದರೂ ಕದಲಲಿಲ್ಲ. ಕಡೆಗೆ ಅದನ್ನು ಓಟದಿಂದ ಕೈಬಿಟ್ಟು, ಅದರ ಮೇಲೆ ಕಟ್ಟಿದವರಿಗೆಲ್ಲ ರೊಕ್ಕ ವಾಪಸ್ಸು ಕೊಟ್ಟರು.

ಸೋಮವಾರ ಹೆಡ್ ಕ್ಲರ್ಕ್ ಇಡೀ ಕಚೇರಿಗೆ ಜಿಲೇಬಿ ಹಂಚಿದರು. ಅಷ್ಟು ವರ್ಷದಲ್ಲಿ ರೇಸಿನ ಟಿಕೆಟ್ ಕಿಟಕಿಯ ಆಚೆಯಿಂದ ಅವರ ಕೈಗೆ ರೊಕ್ಕ ಬಂದದ್ದು ಅದೇ ಮೊದಲಂತೆ. ಅದು ನಿಮ್ಮದೇ ರೊಕ್ಕ ಅಲ್ಲವೇ ಸರ್ ಅಂತ ಒಬ್ಬರು ಕೇಳಿದ್ದಕ್ಕೆ, ನಮ್ಮದಲ್ಲದೆ ಮಂದಿಯದು ಬಂದರೆ ಪಚನವಾಗುತ್ತದೆಯೇ ಅಂದರು. ಓಡದ ಆ ಒಂದು ಕುದುರೆಗೆ ಅವರು ಖರ್ಚು ಮಾಡಿದಷ್ಟನ್ನು ಓಡಿದ ಯಾವ ಕುದುರೆಗೂ ಮಾಡಿರಲಿಲ್ಲ.

ಕಡೆಯ ರೇಸು

ಆ ವರ್ಷ ನುಮಾಯಿಷ್ ಮುಗಿಯಲಿಕ್ಕೆ ಒಂದೇ ಭಾನುವಾರ ಉಳಿದಿತ್ತು. ಅವತ್ತು ವೈನಿ ತಾವೂ ರೇಸಿಗೆ ಬರುತ್ತೇನೆಂದು ಹೊರಟು ನಿಂತರು. ಸಾಕ್ಷಿಗೆ ಇರಲಿ ಅಂತ ನನ್ನನ್ನೂ ಕರೆದರು. ಯಾತಕ್ಕೆ ಸಾಕ್ಷಿ ಅಂತ ನನಗೆ ಆಗ ತಿಳಿಯಲಿಲ್ಲ.

ಹೆಡ್ ಕ್ಲರ್ಕ್ ಖುಷಿಯಿಂದ ಕಡೆಯ ರೇಸಿಗೆ ತಮಗೊಂದು, ವೈನಿಗೊಂದು ಟಿಕೆಟ್ಟು ತಂದರು. ಎರಡೂ ಒಂದೇ ಕುದುರೆಯ ಮೇಲೆ. ಕುದುರೆ ಅರ್ಧದವರೆಗೆ ಓಡಿ, ಆಮೇಲೆ ಯಾಕೋ ಮನಸ್ಸು ಬದಲಾಯಿಸಿ ನಡೆದುಕೊಂಡು ಬಂತು. ಹೆಡ್ ಕ್ಲರ್ಕ್ ಬಾಯಿ ತೆರೆಯುವ ಮೊದಲೇ ವೈನಿ ಅಂದರು, "ಇನ್ನೂ ಬರಾಕತ್ತೈತಿ."

ಹೆಡ್ ಕ್ಲರ್ಕ್ ಮುಖ ಅರಳಿತು. ಹನ್ನೆರಡು ವರ್ಷಕ್ಕೆ ಹೆಂಡತಿಗೆ ರೇಸು ಅರ್ಥವಾಯಿತಲ್ಲ ಅಂತ ನನ್ನತ್ತ ನೋಡಿದರು. ಮನೆಗೆ ಹೊರಡೋಣ ಅಂದರೆ ವೈನಿ ಏಳಲಿಲ್ಲ. ಕುದುರೆ ಬರಲಿ, ಆಮೇಲೆ ಹೋಗೋಣ ಅಂದರು. ಜನ ಕರಗಿದರು. ಟಿಕೆಟ್ ಕಿಟಕಿಗಳು ಮುಚ್ಚಿದವು. ಕೆಲಸದವರು ಬಂದು ಗೊರಸಿನಿಂದ ಕಿತ್ತ ಹುಲ್ಲನ್ನು ತುಳಿದು ಕೂರಿಸಲು ಶುರು ಮಾಡಿದರು. ವೈನಿ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಖಾಲಿ ಮೈದಾನ ನೋಡುತ್ತಲೇ ಕೂತರು.

ಕುದುರೆ ಆಗಲೇ ಲಾಯಕ್ಕೆ ಹೋಗಿ ಹುಲ್ಲು ತಿನ್ನುತ್ತಿರಬೇಕು ಅಂದರು ಹೆಡ್ ಕ್ಲರ್ಕ್. ತಿಂದಾದರೂ ಬರಲಿ, ಶಕ್ತಿ ಬರುತ್ತದೆ ಅಂದರು ವೈನಿ. ಕಾವಲಿನವನು ಬಂದು ಗೇಟು ಹಾಕಬೇಕು ಅಂದ. ವೈನಿ ಅವನಿಗೆ ಸ್ವಲ್ಪ ಸರಿದು ನಿಲ್ಲಪ್ಪ, ಕುದುರೆ ಬರುವುದು ಕಾಣುವುದಿಲ್ಲ ಅಂತ ಹಿಂದಿಯಲ್ಲಿ ಹೇಳಿದರು. ಅವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಹೆಡ್ ಕ್ಲರ್ಕ್ ಮುಖದಲ್ಲಿ ಬೆವರು ಕಂಡಿತು.

"ಏ, ಅದು ಬರೂದಿಲ್ಲ. ಸೋತೈತಿ. ನಾನೂ ಸೋತೆ. ಏಳು ಇನ್ನ, ಮನಿಗೆ ನಡಿ."

ವೈನಿ ಥಟ್ಟನೆ ಎದ್ದರು. ಸೆರಗು ಕೊಡವಿಕೊಂಡು ನನ್ನ ಕಡೆ ತಿರುಗಿ, "ಕೇಳಿದಿರಲ್ರಿ? ನುಮಾಯಿಷ್ ಎಷ್ಟಕ್ಕ ಮುಚ್ತಾರ?" ಅಂದರು.

ನಾನು ದಂಗಾದೆ. ನಾಂಪಲ್ಲಿಯವರೆಗೂ ಆಟೋದಲ್ಲಿ ಹೆಡ್ ಕ್ಲರ್ಕ್ ತಮ್ಮ ಟಿಕೆಟ್ಟನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ನನಗೆ ನಿಜವಾಗಿಯೂ ಸಂಕಟವಾಯಿತು. ಭಾನುವಾರ ವೈನಿಗೆ ಸಿಕ್ಕಿತು, ಸರಿ. ಆದರೆ ಆ ಮಾತು ಆಡಿಸಿ ನಾವಿಬ್ಬರೂ ಸೇರಿ ಅವರ ಮನಸ್ಸನ್ನೇ ಮುರಿದೆವೇನೋ ಅನ್ನಿಸಿತು. ವೈನಿಯೂ ಎರಡು ಸಲ ಅವರ ಮುಖ ನೋಡಿ ಕಣ್ಣು ಕೆಳಗೆ ಮಾಡಿದರು.

ನುಮಾಯಿಷಿನಲ್ಲಿ ವೈನಿ ಬಳೆ ನೋಡಲಿಲ್ಲ, ಶಾಲು ನೋಡಲಿಲ್ಲ. ನೇರವಾಗಿ ಮಕ್ಕಳು ಕೂತು ಸುತ್ತುವ ಮರದ ಕುದುರೆಗಳ ಹತ್ತಿರ ಹೋದರು. ತಮಗೆ ಒಂದು ಟಿಕೆಟ್ಟು ತರಲು ಗಂಡನಿಗೆ ಹೇಳಿ, ಸೆರಗು ಸಿಕ್ಕಿಸಿಕೊಂಡು ಕೆಂಪು ಕುದುರೆಯ ಮೇಲೆ ಹತ್ತಿ ಕೂತರು. ಗೇಟಿನವನು ಟಿಕೆಟ್ಟು ಹರಿಯಲು ಕೈ ಚಾಚಿದ. ಹೆಡ್ ಕ್ಲರ್ಕ್ ಕೊಡಲಿಲ್ಲ. ಹರಿಯದೆ ಆಟ ಶುರುವಾಗುವುದಿಲ್ಲ ಅಂತ ಅವನು ಪಟ್ಟು ಹಿಡಿದ. ಹಿಂದೆ ನಿಂತ ಮಕ್ಕಳು ಗಲಾಟೆ ಮಾಡಿದವು. ಅವರು ಹನ್ನೆರಡು ವರ್ಷದಲ್ಲಿ ಮೊದಲ ಸಲ, ಕಣ್ಣು ಮುಚ್ಚಿಕೊಂಡು, ಟಿಕೆಟ್ಟು ಹರಿಯಲು ಬಿಟ್ಟರು.

ಕುದುರೆಗಳು ತಿರುಗಿದವು. ವೈನಿ ಆಚೆ ಬದಿಗೆ ಮರೆಯಾಗಿ ಮತ್ತೆ ಈಚೆ ಬಂದರು. ಹೆಡ್ ಕ್ಲರ್ಕ್ ನೆಟ್ಟಗೆ ನಿಂತು, "ಬಂತು," ಅಂದರು. ಮತ್ತೊಂದು ಸುತ್ತು. "ಬಂತು." ಮುಖಕ್ಕೆ ಕಳೆ ತಿರುಗಿತು. ಜನ ನೋಡುತ್ತಾರೆ ಸುಮ್ಮನಿರಿ ಅಂತ ವೈನಿ ಪ್ರತಿ ಸುತ್ತಿಗೂ ಕೈ ಬೀಸುತ್ತಿದ್ದರು, ನಗುತ್ತಲೂ ಇದ್ದರು.

ಆಟ ನಿಂತಾಗ ಹೆಡ್ ಕ್ಲರ್ಕ್ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಂದ ಟಿಕೆಟ್ಟಿಗೆ ಒಂಬತ್ತು ಸಲ ಬಂತು ತಮ್ಮಾ. ಇಷ್ಟು ವರ್ಷ ಎಲ್ಲಿ ಕಟ್ಟಿದ್ದರೋ ಈ ಕುದುರಿ?"