ನಲ್ಲಿ ನಿಲ್ಲಿಸಿದ ನಲ್ಲೆ

ನೀರು ಉಳಿಸಿ ಎಂದು ನಮ್ಮ ಕಟ್ಟಡದವರಿಗೆ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. (ಕಾರ್ಯದರ್ಶಿ ನಾನಾದ್ದರಿಂದ ಕಿನ್ನರಿ ನನ್ನದು. ಕೋಣಗಳ ಹೆಸರು ಹೇಳುವುದು ಸಭ್ಯತೆಯಲ್ಲ.)

ಬೆಳಗಿನ ತಿಂಡಿ ಮುಗಿಯುವ ಮೊದಲೇ ಟ್ಯಾಂಕು ಖಾಲಿ. ಎಲ್ಲರೂ ಬಕೆಟ್ ಹಿಡಿದು ನನ್ನ ಬಾಗಿಲಿಗೆ. ಇದಕ್ಕೆಲ್ಲ ಮೂಲಪುರುಷರು ಎದುರುಮನೆಯ ಹಲ್ಲಿನ ಡಾಕ್ಟರು. ನಾವಿಟ್ಟ ಬಿರುದು 'ಜಲಪಾತ'. ಹಲ್ಲುಜ್ಜಲು ನಲ್ಲಿ ತಿರುಗಿಸಿದರೆ, ಒಂದೊಂದು ಹಲ್ಲಿನ ಯೋಗಕ್ಷೇಮ ವಿಚಾರಿಸಿ ಮುಗಿಯುವವರೆಗೂ ನಿಲ್ಲಿಸುವವರಲ್ಲ.

ಒಂದು ಭಾನುವಾರ ಎಲ್ಲರನ್ನೂ ಸೇರಿಸಿ ಭಾಷಣ ಬಿಗಿದೆ.

"ಮೊದಲು ನಿಮ್ಮನೆ ನೋಡ್ಕೊಳ್ಳಿ ಸ್ವಾಮಿ," ಎಂದರು ಜಲಪಾತ. "ನಿಮ್ಮ ಅಡುಗೆಮನೆ ನಲ್ಲಿ ಭೋರ್ ಅನ್ನೋದು ನಮ್ಮ ಬಚ್ಚಲಿಗೂ ಕೇಳತ್ತೆ. ಮುಂದಿನ ಸಭೆ ಹೊತ್ತಿಗೂ ಟ್ಯಾಂಕು ಹೀಗೇ ಇದ್ರೆ ಕುರ್ಚಿ ಬಿಟ್ಟುಬಿಡಿ."

ಮನೆಗೆ ಬಂದವನೇ ಹೆಂಡತಿಗೆ ಸುಗ್ರೀವಾಜ್ಞೆ ಹೊರಡಿಸಿದೆ. "ನಾಳೆಯಿಂದ ಪಾತ್ರೆ ತೊಳೆಯೋವಾಗ ನಲ್ಲಿ ಬಂದ್! ಟಬ್ಬಲ್ಲಿ ತೊಳಿ."

"ನೀವೇ ತೊಳೀರಿ. ಟಬ್ಬೂ ಬೇಡ, ಭಾಷಣದಲ್ಲೇ ತೊಳೆದುಬಿಡ್ತೀರಿ."

ಆದರೂ ಮರುದಿನ ಟಬ್ಬಿಟ್ಟಳು.

ನಾನು ಪತ್ರಿಕೆ ಓದುತ್ತಿದ್ದೆ. ಅಡುಗೆಮನೆಯಿಂದ ಒಂದು ದನಿ ಎದ್ದಿತು. ರೇಡಿಯೋ ಅಂದುಕೊಂಡೆ. ನಮ್ಮ ಮನೆಯಲ್ಲಿ ರೇಡಿಯೋ ಇಲ್ಲವೆಂಬುದು ಆಮೇಲೆ ನೆನಪಾಯಿತು. ಹೋಗಿ ಇಣುಕಿದರೆ, ಮೊಣಕೈವರೆಗೆ ನೊರೆ ಮಾಡಿಕೊಂಡು, ತಳ ಹಿಡಿದ ಬಾಣಲೆ ಉಜ್ಜುತ್ತ ನನ್ನ ಹೆಂಡತಿ ಹಾಡುತ್ತಿದ್ದಳು. ದನಿ ಮೆಲ್ಲಗೆ ಏರಿತು, ತುದಿಯಲ್ಲಿ ನಿಂತಿತು, ಇನ್ನು ಮುಗಿಯಿತು ಎನ್ನುವಾಗ ಮತ್ತೂ ಮೇಲಕ್ಕೆ ಹೋಯಿತು.

"ಇದನ್ನ ಯಾವಾಗ ಕಲಿತೆ?"

"ಮದುವೆಯಾದಾಗಿನಿಂದ ದಿನಾ ಹಾಡ್ತಿದೀನಿ. ನಲ್ಲಿ ಸದ್ದಲ್ಲಿ ನಿಮಗೆ ಕೇಳಿಲ್ಲ ಅಷ್ಟೆ."

ಪಾತ್ರೆ ಒರೆಸಲು ನಾನೂ ಒಂದು ಬಟ್ಟೆ ಎತ್ತಿಕೊಂಡೆ. (ಇದೂ ನಮ್ಮ ದಾಂಪತ್ಯದಲ್ಲಿ ಮೊದಲ ಸಲ.) ಅವಳು ಬಾಣಲೆ ಪಕ್ಕಕ್ಕಿಟ್ಟು ಕುಕ್ಕರ್ ಎತ್ತಿಕೊಂಡಳು, ಹಾಡು ಮುಂದುವರಿಯಿತು.

ನಮ್ಮ ಕಟ್ಟಡದಲ್ಲಿ ಎಲ್ಲರ ಅಡುಗೆಮನೆ, ಬಚ್ಚಲುಗಳ ಕಿಟಕಿಗಳೂ ಒಂದೇ ಸಂದಿಗೆ ತೆರೆಯುತ್ತವೆ. ಎದುರಿಗೆ ಭೋರ್ಗರೆಯುತ್ತಿದ್ದ ಜಲಪಾತ ತಟ್ಟನೆ ನಿಂತಿತು. ಕೆಳಗಿನ ದರ್ಜಿಯ ಮನೆಯ ನಲ್ಲಿ ನಿಂತಿತು. ಅದರ ಕೆಳಗಿನದೂ ನಿಂತಿತು. ನಾನು ಗಂಟಲು ಹರಿದುಕೊಂಡರೂ ನಿಲ್ಲದ ನಲ್ಲಿಗಳು! ಕಿಟಕಿಯಲ್ಲಿ ನೋಡಿದರೆ ಡಾಕ್ಟರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಣ್ಣು ಮುಚ್ಚಿ ನಿಂತಿದ್ದಾರೆ.

ಆಮೇಲೆ ದಿನವೂ ಅದೇ. ಅವಳು ಹಾಡುವಷ್ಟು ಹೊತ್ತು ಯಾರೂ ನಲ್ಲಿ ಮುಟ್ಟುವುದಿಲ್ಲ. ಬೇಕಾದ ನೀರನ್ನು ಮೊದಲೇ ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಂಡು, ಸದ್ದಾಗದಂತೆ ಚೊಂಬಿನಲ್ಲಿ ಮೊಗೆಯುತ್ತಾರೆ. ಒಂದು ಸಂಜೆ ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದೆ. ಕಂಠದವರೆಗೆ ನೀರು, ಅದರಲ್ಲಿ ಒಂದು ತುಂಡು ಆಕಾಶ. ಬಹಳ ಹೊತ್ತು ನೋಡುತ್ತ ನಿಂತೆ.

ಮುಂದಿನ ಸಭೆಯಲ್ಲಿ ಟ್ಯಾಂಕಿನ ಬಗ್ಗೆ ದೂರಿರಲಿಲ್ಲ. ನಾನು ಹಾರಕ್ಕೆ ಕೊರಳು ಸಿದ್ಧಮಾಡಿಕೊಂಡೆ. ಎಲ್ಲರೂ ಒಕ್ಕೊರಲಿನಿಂದ ಹೊಸ ಕಾರ್ಯದರ್ಶಿಯನ್ನು ಆರಿಸಿದರು: ನನ್ನ ಹೆಂಡತಿಯನ್ನು.

ಮರುದಿನ ಏಳುವುದು ತಡವಾಯಿತು. ಬಕೆಟ್ ತುಂಬಿಸಿಕೊಳ್ಳದೆ ಬಚ್ಚಲಿಗೆ ಹೋಗಿ, ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದೆ.

"ಯಾರ್ರೀ ಅದು! ನಿಲ್ಸ್ರೀ ನಲ್ಲೀನ!" ಕಟ್ಟಡವೇ ಗದರಿತು. ಎಲ್ಲರಿಗಿಂತ ಜೋರು ಜಲಪಾತದ ದನಿ.

ನಿಲ್ಲಿಸಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದಳು, "ನಿಮ್ಮ ಸ್ನಾನ ಆಯ್ತೇನ್ರೀ? ಆಗಿಲ್ದಿದ್ರೆ ಹಾಡು ನಿಲ್ಲಿಸ್ತೀನಿ."

"ಆಯ್ತು, ಆಯ್ತು! ನೀನು ಹಾಡು," ಎಂದೆ, ಕಣ್ಣೊಳಗಿಳಿದ ಸೋಪನ್ನು ಒರೆಸಿಕೊಳ್ಳುತ್ತ, ಗಡಗಡ ನಡುಗುತ್ತ.